ಅಪ್ಪನ ಲ್ಯಾಪ್‌ಟಾಪಲ್ಲಿ ಲಿನಕ್ಸ್ ಓಡತ್ತಾ? ಒಂದು ಪೆನ್‌ಡ್ರೈವ್, ಎರಡು ದಿನ

ಹೋದ ಶನಿವಾರ ಭಾನುವಾರ ಎರಡೂ ದಿನ ಊರಲ್ಲಿ ಅಪ್ಪನ ಲ್ಯಾಪ್‌ಟಾಪ್ ಮುಂದೇನೇ ಕೂತಿದ್ದೆ. 2016ರಲ್ಲಿ ತಗೊಂಡಿದ್ದು ಅದು, ಆರನೇ ತಲೆಮಾರಿನ ಐ3, 4 ಜಿಬಿ ರ‍್ಯಾಮ್, 1 ಟಿಬಿ ಹಳೇ ಕಾಲದ ತಿರುಗೋ ಹಾರ್ಡ್‌ಡಿಸ್ಕ್. ಅಪ್ಪ ಹೈಸ್ಕೂಲಲ್ಲಿ ಕನ್ನಡ ಮೇಷ್ಟ್ರಾಗಿದ್ದು ರಿಟೈರ್ ಆದ ವರ್ಷ ತಗೊಂಡಿದ್ದು, ಅವತ್ತಿಂದ ಇವತ್ತಿನವರೆಗೂ ಅದರಲ್ಲಿ ಮಾಡೋದು ಮುಖ್ಯವಾಗಿ ಒಂದೇ ಕೆಲಸ, ಸಾಗರದ ಸುತ್ತಮುತ್ತ ಹಳೇ ಮನೆಗಳಲ್ಲಿ ಸಿಗೋ ಯಕ್ಷಗಾನ ಪ್ರಸಂಗಗಳ ಕೈಬರಹದ ಪ್ರತಿಗಳನ್ನ ಒಂದೊಂದೇ ಪುಟ ಕೂತು ಟೈಪ್ ಮಾಡೋದು. ಒಂಬತ್ತು ವರ್ಷದ ಕೆಲಸ ಅದು. ಗೆದ್ದಲು ಹಿಡಿದಿರೋ ಪುಸ್ತಕ, ಅಟ್ಟದ ಮೇಲೆ ಹೊಗೆ ಹಿಡಿದು ಕಪ್ಪಾಗಿರೋ ಪುಸ್ತಕ, ಕೆಲವದರ ಮೂಲ ಪ್ರತಿ ಈಗ ಇಲ್ಲವೇ ಇಲ್ಲ, ಅಪ್ಪ ಟೈಪ್ ಮಾಡಿಟ್ಟಿದ್ದೇ ಉಳಿದಿರೋದು.

ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಸಪೋರ್ಟ್ ಮುಗೀತು ಅನ್ನೋದು ಎಲ್ಲರಿಗೂ ಗೊತ್ತಿರೋದೇ. ವಿಂಡೋಸ್ 11ಕ್ಕೆ ಟಿಪಿಎಂ 2.0 ಅನ್ನೋ ಸೆಕ್ಯುರಿಟಿ ಚಿಪ್ ಬೇಕು, ಇಂಟೆಲ್ ಆದ್ರೆ ಹೆಚ್ಚುಕಮ್ಮಿ ಎಂಟನೇ ತಲೆಮಾರಿನ ಪ್ರೊಸೆಸರ್ ಮೇಲೇನೇ ಇರಬೇಕು, ಅಪ್ಪನದು ಆರನೇದು, ಅಲ್ಲಿಗೆ ಆ ದಾರಿ ಮುಚ್ಚಿತು. ಒಂದು ವರ್ಷ ಹೆಚ್ಚುವರಿ ಸೆಕ್ಯುರಿಟಿ ಅಪ್‌ಡೇಟ್ ಸಿಗೋ ವ್ಯವಸ್ಥೆ ಇದೆ, ಅದೂ 2026ರ ಅಕ್ಟೋಬರ್ ತನಕ ಮಾತ್ರ. ಹೊಸ ಲ್ಯಾಪ್‌ಟಾಪ್ ಕೊಡಿಸ್ತೀನಿ ಅಂದೆ, ಅಪ್ಪ ಒಪ್ಪಲಿಲ್ಲ. "ಇದಕ್ಕೇನಾಗಿದೆ ಮಾರಾಯ್ತಿ, ಕೀಲಿಮಣೆ ನನ್ನ ಕೈಗೆ ಕೂತಿದೆ" ಅಂದ್ರು. ಅವರು ಹೇಳಿದ್ದು ನೂರಕ್ಕೆ ನೂರು ಸರಿ. ಕೆಲಸ ಮಾಡೋ ಯಂತ್ರಾನ ಎಸೆಯೋದು ನನಗೂ ಒಪ್ಪಿಗೆ ಆಗೋ ವಿಷಯ ಅಲ್ಲ.

ಹಾಗಾಗಿ ಲಿನಕ್ಸ್, ವಿಂಡೋಸ್ ಬದಲು ಹಾಕ್ಕೊಳ್ಳಬಹುದಾದ ಪುಕ್ಕಟೆ ಆಪರೇಟಿಂಗ್ ಸಿಸ್ಟಮ್. ಆದ್ರೆ ನೇರವಾಗಿ ಹಾಕಿಬಿಡೋಕೆ ನನಗೆ ಧೈರ್ಯ ಇರಲಿಲ್ಲ, ಧೈರ್ಯ ಇರಲೂಬಾರದು ಅನ್ನೋದೇ ನನ್ನ ಅಭಿಪ್ರಾಯ. ಬೇರೆಯವರ ಲ್ಯಾಪ್‌ಟಾಪ್ ಅಂದ್ರೆ ಅದು ಅವರ ಮನೆ ಇದ್ದಂಗೆ, ಅದರಲ್ಲೂ ಎಪ್ಪತ್ತರ ಹತ್ತಿರ ಇರೋರ ಮನೆ, ಎಲ್ಲಿ ಏನಿದೆ ಅಂತ ಕತ್ತಲಲ್ಲೂ ಕೈಗೆ ಸಿಗೋ ಹಂಗೆ ಇಟ್ಕೊಂಡಿರ್ತಾರೆ. ಮೊದಲು ಪೆನ್‌ಡ್ರೈವಿಂದ ಓಡಿಸಿ ನೋಡ್ಬೇಕು, ಅದೂ ಡೆಸ್ಕ್‌ಟಾಪ್ ಬಂತು ಅಂದ ತಕ್ಷಣ ಆಯ್ತು ಅಂತ ಎದ್ದು ಹೋಗೋದಲ್ಲ, ಆ ಮನುಷ್ಯ ದಿನಾ ಏನೇನು ಮಾಡ್ತಾರೋ ಅದನ್ನೆಲ್ಲ ಅವರ ಕೈಯಲ್ಲೇ ಮಾಡಿಸಿ ನೋಡ್ಬೇಕು.

ಹೀಗೆ ಡಿಸ್ಕ್ ಮುಟ್ಟದೇ ಓಡಿಸಿ ನೋಡೋ ಅಭ್ಯಾಸ ಹೊಸದೇನಲ್ಲ. ಜರ್ಮನಿಯ ಕ್ಲೌಸ್ ಕ್ನೋಪ್ಪರ್ ಅವರ ಕ್ನಾಪಿಕ್ಸ್ ಅನ್ನೋ ಲಿನಕ್ಸ್ 2000ನೇ ಇಸವಿಯಲ್ಲಿ ಬಂದಾಗಿಂದ ಲೈವ್ ಸಿಡಿ ಜನರಿಗೆ ಗೊತ್ತಾಯ್ತು. ನಾನು ಮೊದಲು ನೋಡಿದ್ದು ಕಾಲೇಜ್ ಹಾಸ್ಟೆಲಲ್ಲಿ, ಉಬುಂಟು ಅನ್ನೋ ಇನ್ನೊಂದು ಲಿನಕ್ಸಿನವರು ಆಗ ಕೇಳಿದೋರಿಗೆಲ್ಲ ಪುಕ್ಕಟೆ ಸಿಡಿ ಪೋಸ್ಟಲ್ಲಿ ಕಳಿಸ್ತಿದ್ರು, 2011ರಲ್ಲಿ ನಿಲ್ಲಿಸಿದ್ರು ಅದನ್ನ. ನನ್ನ ರೂಮ್‌ಮೇಟ್‌ಗೆ ಬಂದ ಒಂದು ಸಿಡಿ ಇಡೀ ಹಾಸ್ಟೆಲ್ ಸುತ್ತಿತ್ತು. ಇವತ್ತು ಸಿಡಿ ಬದಲು 8 ಜಿಬಿ ಪೆನ್‌ಡ್ರೈವ್, ಅಷ್ಟೇ ವ್ಯತ್ಯಾಸ.

ಆರಿಸಿಕೊಂಡಿದ್ದು ಲಿನಕ್ಸ್ ಮಿಂಟ್ 22ರ ಸಾಲಿನದು, ಎಕ್ಸ್‌ಎಫ್‌ಸಿಇ ಡೆಸ್ಕ್‌ಟಾಪ್ ಇರೋದು. ಮಿಂಟ್‌ನವರು ಹೇಳೋ ಪ್ರಕಾರ ಕನಿಷ್ಠ 2 ಜಿಬಿ ರ‍್ಯಾಮ್, ಆರಾಮಾಗಿ ಓಡೋಕೆ 4 ಜಿಬಿ, ಡಿಸ್ಕಲ್ಲಿ ಕನಿಷ್ಠ 20 ಜಿಬಿ ಜಾಗ. 22ರ ಸಾಲಿಗೆ 2029ರ ತನಕ ಅಪ್‌ಡೇಟ್ ಬರತ್ತೆ. ಅಪ್ಪನಿಗೆ ಕೆಳಗಡೆ ಎಡಕ್ಕೆ ಮೆನು, ಬಲಕ್ಕೆ ಗಡಿಯಾರ ಇದ್ರೆ ಸಾಕು, ಅದು ಇದರಲ್ಲಿ ಹಾಗೇ ಇದೆ.

ಶುಕ್ರವಾರ ರಾತ್ರಿ ಊರಿಗೆ ಹೋಗಿ ಅಲ್ಲೇ ಡೌನ್‌ಲೋಡ್‌ಗೆ ಹಾಕಿದೆ, ಸುಮಾರು 3 ಜಿಬಿ ಹತ್ತಿರ ಇರೋ ಫೈಲು, ಮಳೆ ಬೇರೆ, ನೆಟ್ ಹೋಗಿ ಬಂದು ಹೋಗಿ ಬಂದು ಬೆಳಗಿನ ಜಾವಕ್ಕೆ ಮುಗೀತು. ಮುಗೀತು ಅಂತ ನಂಬಿ ಹಂಗೇ ಪೆನ್‌ಡ್ರೈವಿಗೆ ಬರೆದಿದ್ರೆ ಇಡೀ ಶನಿವಾರ ಹಾಳಾಗ್ತಿತ್ತು. ಮಿಂಟ್ ಸೈಟಲ್ಲಿ ಐಎಸ್ಒ ಫೈಲಿನ (ನಾವು ಡೌನ್‌ಲೋಡ್ ಮಾಡೋದು ಅದನ್ನೇ) ಜೊತೆಗೇ ಎಸ್‌ಎಚ್‌ಎ256 ಅಂತ ಒಂದು ಉದ್ದ ಅಕ್ಷರ ಅಂಕಿಯ ಸಾಲು ಕೊಟ್ಟಿರ್ತಾರೆ, ನಮ್ಮ ಫೈಲಿಂದ ಲೆಕ್ಕ ಹಾಕಿದ ಸಾಲೂ ಅದೂ ಒಂದೇ ಇರಬೇಕು, ವಿಂಡೋಸಲ್ಲೇ ಸರ್ಟ್‌ಯುಟಿಲ್ ಅನ್ನೋ ಕಮಾಂಡ್ ಇದೆ ಇದಕ್ಕೆ. ಹಾಕಿ ನೋಡಿದ್ರೆ ಮೊದಲನೇ ಅಕ್ಷರದಿಂದಾನೇ ಬೇರೆ. ಮತ್ತೆ ಡೌನ್‌ಲೋಡ್. ಈ ಸಲ ಟೊರೆಂಟಲ್ಲಿ ಹಾಕಿದೆ, ನೆಟ್ ಕಡಿದ್ರೂ ಬಂದಷ್ಟು ತುಂಡುಗಳನ್ನ ಅದೇ ಪರೀಕ್ಷೆ ಮಾಡ್ಕೊಳ್ಳತ್ತೆ. ತಿಂಡಿ ಮುಗಿಸಿ ಬರೋ ಹೊತ್ತಿಗೆ ಸಾಲು ಹೊಂದ್ತು. ರೂಫಸ್ ಅನ್ನೋ ಸಣ್ಣ ಪ್ರೋಗ್ರಾಮಿಂದ ಪೆನ್‌ಡ್ರೈವಿಗೆ ಬರೆದೆ.

ಬೂಟ್ ಮಾಡೋ ಮುಂಚೆ ಇನ್ನೊಂದು ನೋಡ್ಕೊಳ್ಳಬೇಕು. ವಿಂಡೋಸಲ್ಲಿ ಬಿಟ್‌ಲಾಕರ್ ಥರದ ಡ್ರೈವ್ ಎನ್‌ಕ್ರಿಪ್ಷನ್ ಆನ್ ಇದ್ಯಾ ಅಂತ. ಆನ್ ಇದ್ದು, ನೀವು ಬಯೋಸಿಗೆ (ವಿಂಡೋಸ್ ಏಳೋ ಮುಂಚೆ ಬರೋ ಮೆಷಿನ್ನಿನ ಸೆಟ್ಟಿಂಗ್) ಹೋಗಿ, ಸಹಿ ಇರೋ ಸಾಫ್ಟ್‌ವೇರ್ ಮಾತ್ರ ಏಳೋಕೆ ಬಿಡೋ ಸೆಕ್ಯೂರ್ ಬೂಟ್ ಅನ್ನೋದನ್ನ ಆಫ್ ಮಾಡಿದ್ರೆ, ವಾಪಸ್ ವಿಂಡೋಸಿಗೆ ಹೋದಾಗ ರಿಕವರಿ ಕೀ ಕೇಳಬಹುದು, ಆ ಕೀ ಎಲ್ಲಿದೆ ಅಂತ ಗೊತ್ತಿಲ್ದೇ ಇದ್ರೆ ಗತಿ ಇಲ್ಲ. ಅಪ್ಪನದರಲ್ಲಿ ಇರಲಿಲ್ಲ. ಫಾಸ್ಟ್ ಸ್ಟಾರ್ಟಪ್ ಮಾತ್ರ ಆನ್ ಇತ್ತು, ಅದನ್ನ ಆಫ್ ಮಾಡಿ ಸರಿಯಾಗಿ ಶಟ್‌ಡೌನ್ ಮಾಡಿದೆ, ಇಲ್ಲಾಂದ್ರೆ ವಿಂಡೋಸ್ ಅರ್ಧ ನಿದ್ದೆಯಲ್ಲಿರತ್ತೆ, ಲಿನಕ್ಸಿಂದ ಆ ಡಿಸ್ಕ್ ತೆಗೆದ್ರೆ ಓದೋಕಷ್ಟೇ ಬಿಡತ್ತೆ, ಬರೆಯೋಕೆ ಬಿಡಲ್ಲ.

ಆನ್ ಮಾಡೋವಾಗ ಎಫ್12 ಒತ್ತಿದೆ, ಬರಲಿಲ್ಲ, ಎಫ್9 ಒತ್ತಿದೆ, ಬೂಟ್ ಮೆನು ಬಂತು. ಒಂದೊಂದು ಕಂಪನಿದು ಒಂದೊಂದು ಕೀ. ಪೆನ್‌ಡ್ರೈವ್ ಆರಿಸಿ ಎಂಟರ್ ಹೊಡೆದು ಎರಡು ನಿಮಿಷಕ್ಕೆ ಡೆಸ್ಕ್‌ಟಾಪ್. ಅಪ್ಪ ಹಿಂದೆ ನಿಂತು ನೋಡ್ತಿದ್ದೋರು ಮೊದಲು ಕೇಳಿದ್ದು "ನನ್ನ ಫೈಲ್ ಎಲ್ಲಾ ಹೋಯ್ತಾ?" ಅಂತ. "ಇಲ್ಲಪ್ಪಾ, ಒಂದೂ ಮುಟ್ಟಿಲ್ಲ, ಇದು ಪೆನ್‌ಡ್ರೈವಲ್ಲೂ ರ‍್ಯಾಮಲ್ಲೂ ಓಡ್ತಾ ಇರೋದು, ತೆಗೆದು ರೀಸ್ಟಾರ್ಟ್ ಮಾಡಿದ್ರೆ ಮತ್ತೆ ನಿನ್ನ ವಿಂಡೋಸೇ ಬರೋದು" ಅಂದೆ. ಅವರಿಗೆ ನಂಬಿಕೆ ಬರಲಿಲ್ಲ, ಹಾಗಾಗಿ ರೀಸ್ಟಾರ್ಟ್ ಮಾಡಿ ವಿಂಡೋಸ್ ತೋರಿಸಿ, ಅವರ ಫೋಲ್ಡರ್ ತೆಗೆದು ತೋರಿಸಿ, ಆಮೇಲೆ ಮತ್ತೆ ಪೆನ್‌ಡ್ರೈವಿಂದ ಬಂದೆ. ಆ ಹತ್ತು ನಿಮಿಷ ಖರ್ಚು ಮಾಡಿದ್ದು ಒಳ್ಳೇದಾಯ್ತು, ಆಮೇಲೆ ಅವರು ಆರಾಮಾಗಿ ಕುರ್ಚಿ ಎಳ್ಕೊಂಡು ಪಕ್ಕದಲ್ಲೇ ಕೂತ್ರು.

ಸ್ಕ್ರೀನ್ ಸರಿ ಇತ್ತು, ಬ್ರೈಟ್‌ನೆಸ್ ಕೀ ಕೆಲಸ ಮಾಡ್ತು, ಸೌಂಡ್ ಬಂತು, ಹೆಡ್‌ಫೋನ್ ಸಿಕ್ಕಿಸಿದಾಗ ಸ್ಪೀಕರ್ ಬಂದ್ ಆಯ್ತು, ಕ್ಯಾಮೆರಾ ಬಂತು, ಟಚ್‌ಪ್ಯಾಡಲ್ಲಿ ಎರಡು ಬೆರಳಿನ ಸ್ಕ್ರೋಲ್ ಬಂತು, ಎಚ್‌ಡಿಎಂಐ ಟಿವಿಗೆ ಹಾಕಿದೆ ಬಂತು. ಇಂಟೆಲ್ ಗ್ರಾಫಿಕ್ಸ್ ಇರೋ ಹಳೇ ಲ್ಯಾಪ್‌ಟಾಪಲ್ಲಿ ಇವಿಷ್ಟೂ ಸಾಮಾನ್ಯವಾಗಿ ತೊಂದರೆ ಕೊಡಲ್ಲ. ಲಿಡ್ ಮುಚ್ಚಿ ತೆಗೆಯೋದನ್ನ ಮೂರು ಸಲ ಮಾಡಿ ನೋಡಿದೆ, ಒಂದು ಸಲ ಸರಿ ಬಂದು ಎರಡನೇ ಸಲ ಕಪ್ಪು ಸ್ಕ್ರೀನ್ ಆಗಿ ನಿಲ್ಲೋ ಲ್ಯಾಪ್‌ಟಾಪ್ ನಾನು ನೋಡಿದೀನಿ, ಇದು ಮೂರು ಸಲವೂ ಎದ್ದಿತು.

ವೈಫೈ ಇಲ್ಲ. ನೆಟ್‌ವರ್ಕ್ ಐಕಾನ್ ಒತ್ತಿದ್ರೆ ವೈಫೈ ಅನ್ನೋ ಸಾಲೇ ಇಲ್ಲ. ಟರ್ಮಿನಲ್ ತೆಗೆದು ಎಲ್‌ಎಸ್‌ಪಿಸಿಐ ಅಂತ ಹೊಡೆದ್ರೆ ಮೆಷಿನಲ್ಲಿ ಇರೋ ಒಂದೊಂದು ಕಾರ್ಡಿನ ಹೆಸರೂ ಬರತ್ತೆ, ವೈಫೈ ಕಾರ್ಡ್ ಇತ್ತು, ಆದ್ರೆ ಅದಕ್ಕೆ ಕರ್ನಲ್ಲಿನ (ಲಿನಕ್ಸಿನ ತಿರುಳು) ಯಾವ ಡ್ರೈವರೂ ಅಂಟಿಕೊಂಡಿರಲಿಲ್ಲ. ಈ ಚಿಪ್ಪಿಗೆ ಓಪನ್ ಡ್ರೈವರ್ ಇಲ್ಲ, ತಯಾರಕರ ಮುಚ್ಚಿದ ಡ್ರೈವರನ್ನೇ ಬೇರೆಯಾಗಿ ಹಾಕ್ಕೋಬೇಕು. ಡ್ರೈವರ್ ತರೋಕೆ ನೆಟ್ ಬೇಕು, ನೆಟ್ಟಿಗೆ ಡ್ರೈವರ್ ಬೇಕು, ಇಲ್ಲೇ ಬಹಳ ಜನ ಕೈಬಿಟ್ಟು ಎದ್ದು ಹೋಗೋದು. ದಾರಿ ಸುಲಭ ಇದೆ. ಫೋನನ್ನ ಚಾರ್ಜಿಂಗ್ ವೈರಲ್ಲಿ ಲ್ಯಾಪ್‌ಟಾಪಿಗೆ ಸಿಕ್ಕಿಸಿ, ಫೋನ್ ಸೆಟ್ಟಿಂಗಲ್ಲಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿದ್ರೆ ಲಿನಕ್ಸಿಗೆ ಅದು ವೈರ್ ನೆಟ್‌ವರ್ಕ್ ಥರಾನೇ ಕಾಣತ್ತೆ. ನೆಟ್ ಬಂತು, ಮೆನುವಲ್ಲಿ ಡ್ರೈವರ್ ಮ್ಯಾನೇಜರ್ ತೆಗೆದೆ, ಆ ಚಿಪ್ಪಿನ ಹೆಸರು ತೋರಿಸಿ ಡ್ರೈವರ್ ಇದೆ ಅಂತು, ಹಾಕಿದೆ, ಹಾಕಿ ಮುಗಿದ್ರೂ ವೈಫೈ ಏಳಲಿಲ್ಲ. ಸೆಕ್ಯೂರ್ ಬೂಟ್ ಆನ್ ಇತ್ತಲ್ಲ, ಸಹಿ ಇಲ್ಲದ ಡ್ರೈವರನ್ನ ಅದು ಲೋಡ್ ಆಗೋಕೆ ಬಿಡಲ್ಲ. ಬಯೋಸಿಗೆ ಹೋಗಿ ಆಫ್ ಮಾಡಿ, ಮತ್ತೆ ಪೆನ್‌ಡ್ರೈವಿಂದ ಬಂದು, ಮತ್ತೆ ಟೆದರಿಂಗ್, ಮತ್ತೆ ಡ್ರೈವರ್ (ಲೈವಲ್ಲಿ ಹಾಕಿದ್ದು ರೀಸ್ಟಾರ್ಟಿಗೆ ಹೋಗಿಬಿಡತ್ತೆ, ಪ್ರತಿ ಸಲ ಹೊಸದಾಗಿ ಮಾಡ್ಬೇಕು), ಈ ಸಲ ಪಕ್ಕದ ಮನೆ ವೈಫೈ ಹೆಸರೂ ಸೇರಿ ಪಟ್ಟಿ ಬಂತು. ಅಪ್ಪ ಫೈರ್‌ಫಾಕ್ಸಲ್ಲಿ ಒಂದು ತಾಳಮದ್ದಳೆ ವಿಡಿಯೋ ಹಾಕಿ ಅರ್ಧ ಗಂಟೆ ನೋಡಿದ್ರು. ಬೂಟ್ ಆದಾಗ ರ‍್ಯಾಮ್ ಒಂದು ಜಿಬಿ ಆಸುಪಾಸಲ್ಲಿತ್ತು, ವಿಡಿಯೋ ಜೊತೆ ಎರಡೂವರೆ ದಾಟಲಿಲ್ಲ.

ಮಧ್ಯಾಹ್ನ ಊಟ ಆಗಿ ಕರೆಂಟ್ ಹೋಯ್ತು, ಲ್ಯಾಪ್‌ಟಾಪ್ ಆ ಕ್ಷಣಾನೇ ಆಫ್. ಬ್ಯಾಟರಿ ಸತ್ತಿದೆ ಅಂತ ಅಪ್ಪನಿಗೆ ಗೊತ್ತಿತ್ತು, ನನಗೆ ಹೇಳಿರಲಿಲ್ಲ. ಲೈವ್ ಇದ್ದಿದ್ದಕ್ಕೆ ಏನೂ ಆಗಲಿಲ್ಲ, ಅದೇ ಇನ್‌ಸ್ಟಾಲ್ ಅರ್ಧ ಆಗಿ ಪಾರ್ಟಿಷನ್ ಬರೀತಾ ಇದ್ದಾಗ ಹೋಗಿದ್ರೆ? ಮಲೆನಾಡಿನ ಮಳೆಗಾಲದಲ್ಲಿ ಇದನ್ನ ಮೊದಲು ಯೋಚಿಸ್ಬೇಕು. ಕರೆಂಟ್ ಬಂದ ಮೇಲೆ ಪವರ್ ಮ್ಯಾನೇಜರಲ್ಲಿ ನೋಡಿದ್ರೆ ಬ್ಯಾಟರಿ ಹೊಸದಿದ್ದಾಗ ಹಿಡಿಯೋ ಸಾಮರ್ಥ್ಯ ಎಷ್ಟು, ಈಗ ಎಷ್ಟು ಹಿಡಿಯತ್ತೆ ಅಂತ ಎರಡೂ ಅಂಕಿ ಇತ್ತು, ಈಗಿನದು ಹತ್ತನೇ ಒಂದು ಭಾಗವೂ ಇರಲಿಲ್ಲ.

ಈಗ ಮುಖ್ಯ ಪರೀಕ್ಷೆ, ಕನ್ನಡ.

ಅಪ್ಪ ನುಡಿ ಅನ್ನೋ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡೋದು, ಕಗಪ ಕೀಲಿಮಣೆ ವಿನ್ಯಾಸ. ಕೆ.ಪಿ. ರಾವ್ ಅವರು ರೂಪಿಸಿದ್ದು, ಕನ್ನಡ ಗಣಕ ಪರಿಷತ್ತು ನುಡಿಯಲ್ಲಿ ತಂದಿದ್ದು, ಸರ್ಕಾರ ಕೂಡ ಅದನ್ನೇ ಪ್ರಮಾಣಿತ ಅಂತ ಒಪ್ಪಿದ್ದು. ಅದರಲ್ಲಿ ಒತ್ತಕ್ಷರಕ್ಕೆ ಎಫ್ ಕೀ, ಟ ಬೇಕಾದ್ರೆ ಕ್ಯೂ, ಷ ಬೇಕಾದ್ರೆ ಎಕ್ಸ್. ಅಪ್ಪ ಯಕ್ಷಗಾನ ಅಂತ ಬರೆಯೋವಾಗ ಕೆ, ಎಫ್, ಎಕ್ಸ್ ಮೂರನ್ನೂ ಒಂದೇ ಏಟಿಗೆ ಹೊಡೆದಂಗೆ ಕೇಳಿಸತ್ತೆ, ಆ ಸದ್ದು ನನಗೆ ಪಕ್ಕದ ರೂಮಲ್ಲಿ ಮಲಗಿದ್ರೂ ಗೊತ್ತಾಗತ್ತೆ. ಮಿಂಟಿನ ಕೀಬೋರ್ಡ್ ಸೆಟ್ಟಿಂಗಲ್ಲಿ ಕನ್ನಡ, ಅದರ ಕೆಳಗೆ ಕನ್ನಡ ಕಗಪ ಅಂತ ಎರಡಿದೆ. ಸಂತೋಷ ಆಯ್ತು, ಎರಡನೇದು ಹಾಕಿ ಅಪ್ಪನ್ನ ಕೂರಿಸಿದೆ.

ಅಪ್ಪ ಮೊದಲು ಟೈಪ್ ಮಾಡಿದ ಪದ ಆಟ. ನಮ್ಮ ಕಡೆ ಯಕ್ಷಗಾನಕ್ಕೆ ಆಟ ಅಂತಾನೇ ಹೇಳೋದು. ಶಿಫ್ಟ್ ಹಿಡಿದು ಎ, ಆಮೇಲೆ ಕ್ಯೂ. ಪರದೆ ಮೇಲೆ ಆ ಬರಲಿಲ್ಲ, ಚುಕ್ಕಿ ಚುಕ್ಕಿಯ ಒಂದು ವೃತ್ತ, ಅದರ ಬಾಲಕ್ಕೆ ದೀರ್ಘದ ಗುರುತು, ಪಕ್ಕದಲ್ಲಿ ಒಂಟಿ ಟ. ಅಪ್ಪ ಅಳಿಸಿ ಮತ್ತೆ ಹೊಡೆದ್ರು. ಅದೇ. ಕೈ ಕೀಲಿಮಣೆಯಿಂದ ತೆಗೆದು ತೊಡೆ ಮೇಲಿಟ್ಕೊಂಡ್ರು, ಏನೂ ಹೇಳಲಿಲ್ಲ. ನನಗೆ ಹೊಟ್ಟೆಯಲ್ಲಿ ಸಂಕಟ ಆಯ್ತು.

ಕಾರಣ ಏನಂದ್ರೆ, ನುಡಿಯಲ್ಲಿ ಒಂದೇ ಕೀ ಎರಡು ಕೆಲಸ ಮಾಡತ್ತೆ, ಹಿಂದೆ ವ್ಯಂಜನ ಇದ್ರೆ ಅದಕ್ಕೆ ಕಾಗುಣಿತ ಸೇರಿಸತ್ತೆ, ಪದದ ಶುರುವಲ್ಲಾದ್ರೆ ಸ್ವರ ಕೊಡತ್ತೆ. ಸಿಸ್ಟಮ್ಮಿನ ಬರೀ ಕೀಬೋರ್ಡ್ ಲೇಔಟಿಗೆ ಹಿಂದೇನಿತ್ತು ಅಂತ ಗೊತ್ತಾಗಲ್ಲ, ಒಂದು ಕೀಗೆ ಒಂದು ಅಕ್ಷರ ಅಂತ ಕೊಡತ್ತೆ ಅಷ್ಟೇ, ಸ್ವರ ಬೇಕಾದ್ರೆ ಬಲಗಡೆ ಆಲ್ಟ್ ಕೂಡ ಹಿಡೀಬೇಕು. ಹೊಸದಾಗಿ ಕಲಿಯೋರಿಗೆ ಇದು ದೊಡ್ಡ ವಿಷಯ ಅಲ್ಲ, ಒಂಬತ್ತು ವರ್ಷ ದಿನಕ್ಕೆ ನಾಲ್ಕು ಪುಟ ಹೊಡೆದ ಬೆರಳಿಗೆ ಇದು ಪರದೇಶ. ಆದ್ರೆ ಐಬಸ್ ಅನ್ನೋ ಇನ್‌ಪುಟ್ ವ್ಯವಸ್ಥೆ ಇದೆ, ಅದಕ್ಕೆ ಎಂ17ಎನ್ ಅನ್ನೋ ಪ್ಯಾಕೇಜ್ ಸೇರಿಸಿದ್ರೆ ಅದರಲ್ಲಿ ಕೆಜಿಪಿ ಅಂತ ಕನ್ನಡದ್ದೊಂದು ಬರತ್ತೆ, ಅದು ಹಿಂದಿನ ಅಕ್ಷರ ನೋಡ್ಕೊಂಡು ನುಡಿ ಥರಾನೇ ಮಾಡತ್ತೆ. ಹಾಕಿ, ಲಾಗ್‌ಔಟ್ ಆಗಿ ಬಂದು, ಅದನ್ನ ಆರಿಸಿ, "ಅಪ್ಪಾ, ಇನ್ನೊಂದು ಸಲ ಹೊಡಿ" ಅಂದೆ.

ಆಟ.

ಅಪ್ಪ ನಿಲ್ಲಿಸಲಿಲ್ಲ. ಯಕ್ಷಗಾನ, ತಾಳ, ಅರ್ಜುನ, ಕೃಷ್ಣ, ಭಾಮಿನಿ, ಅಷ್ಟತಾಳ, ಮೃದಂಗ ಅಂತ ಸಾಲಾಗಿ ಹೋಯ್ತು. ಅರ್ಜುನದ ಅರ್ಕಾವತ್ತು ಎಲ್ಲಿ ಕೂರಬೇಕೋ ಅಲ್ಲೇ ಕೂತಿತ್ತು. "ಝಂಪೆ ಹೇಗೆ ಬರತ್ತೆ ನೋಡ್ತೀನಿ ತಾಳು" ಅಂತ ಅದನ್ನೂ ಹೊಡೆದು, ಕನ್ನಡಕ ಹಣೆ ಮೇಲೆ ಏರಿಸಿ ಪರದೆ ಹತ್ತಿರ ಹೋಗಿ ನೋಡಿ, "ಸರಿ ಇದೆ" ಅಂದ್ರು. ಆಮೇಲೆ ಅರ್ಧ ಬಿಟ್ಟಿದ್ದ ಪ್ರಸಂಗದ ಒಂದು ಪದ್ಯ ಪೂರ್ತಿ ಹೊಡೆದ್ರು, ಅದನ್ನ ಬೇರೆ ಪೆನ್‌ಡ್ರೈವಿಗೆ ಸೇವ್ ಮಾಡ್ಕೊಂಡೆ.

ಹಳೇ ಫೈಲ್‌ಗಳು ಇನ್ನೊಂದು ಕಥೆ. ಮೊದಲ ಐದಾರು ವರ್ಷದ್ದೆಲ್ಲ ನುಡಿಯ ಹಳೇ ಆಸ್ಕಿ ಫಾಂಟಲ್ಲಿದೆ, ಅಂದ್ರೆ ಒಳಗಿರೋದು ಇಂಗ್ಲಿಷ್ ಅಕ್ಷರದ ಸಂಕೇತ, ಫಾಂಟ್ ಅದನ್ನ ಕನ್ನಡವಾಗಿ ತೋರಿಸತ್ತೆ ಅಷ್ಟೇ. ಕನ್ನಡ ಅಕ್ಷರಕ್ಕೇ ಅದರದ್ದೇ ಸಂಕೇತ ಇರೋ ಯುನಿಕೋಡ್ ಅಲ್ಲ. ಲಿಬ್ರೆಆಫೀಸಲ್ಲಿ ತೆಗೆದ್ರೆ ಇಂಗ್ಲಿಷ್ ಅಕ್ಷರ, ಚಿಹ್ನೆ ಎಲ್ಲ ಕಲಸಿ ಎರಚಿದಂಗೆ ಕಾಣತ್ತೆ. ವಿಂಡೋಸಿನ ಫಾಂಟ್ಸ್ ಫೋಲ್ಡರಿಂದ ನುಡಿ ಫಾಂಟ್‌ಗಳನ್ನ ಕಾಪಿ ಮಾಡಿ ಇಲ್ಲಿ ಹಾಕಿದ ತಕ್ಷಣ ಎಲ್ಲಾ ಕನ್ನಡ ಆಯ್ತು, ಪುಟದ ಸಾಲು ಅಲ್ಲಲ್ಲಿ ಮುಂದೆ ಹಿಂದೆ ಆಗಿದೆ ಅಷ್ಟೇ. ನಿಜ ಹೇಳ್ಬೇಕಂದ್ರೆ ವಿಂಡೋಸಲ್ಲೇ ಇದ್ರೂ ಆ ಫೈಲ್‌ಗಳನ್ನ ಯುನಿಕೋಡಿಗೆ ತರಲೇಬೇಕು. ಆಸ್ಕಿಯಲ್ಲಿದ್ರೆ ಹುಡುಕೋಕಾಗಲ್ಲ, ಫೋನಲ್ಲಿ ಓದೋಕಾಗಲ್ಲ, ಇನ್ನು ಹತ್ತು ವರ್ಷಕ್ಕೆ ಆ ಫಾಂಟ್ ಸಿಗದಿದ್ರೆ ಅಪ್ಪನ ಕೆಲಸ ಇದ್ದೂ ಇಲ್ಲದಂಗೆ. ಪರಿವರ್ತಕಗಳಿವೆ, ಒಂದು ಫೈಲ್ ಹಾಕಿ ನೋಡಿದೆ, ಒತ್ತಕ್ಷರದ ಕೆಲವು ಕಡೆ ಬಿಟ್ರೆ ಸರಿಯಾಗಿ ಬಂತು. ಕೂತು ತಿದ್ದಬೇಕು.

ಭಾನುವಾರ ಬೆಳಿಗ್ಗೆ ಪ್ರಿಂಟರ್. ಹಳೇ ಲೇಸರ್ ಪ್ರಿಂಟರ್, ಊರೂರಿನ ಝೆರಾಕ್ಸ್ ಅಂಗಡಿಯಲ್ಲಿ ಕಾಣೋ ಥರದ್ದು, ಅದಕ್ಕೆ ಅದರದ್ದೇ ಬೇರೆ ಡ್ರೈವರ್ ಬೇಕು, ಲಿನಕ್ಸಿನ ಡ್ರೈವರ್ ಹಾಕಿ ಎರಡು ಗಂಟೆ ಒದ್ದಾಡಿದೆ, ಪೇಪರ್ ಎಳ್ಕೊಳ್ಳಲೇ ಇಲ್ಲ. ಆಗಲಿಲ್ಲ. ಅಪ್ಪ ತಿಂಗಳಿಗೆ ಹತ್ತು ಪುಟ ಪ್ರಿಂಟ್ ತೆಗೆದ್ರೆ ಹೆಚ್ಚು, "ಪಿಡಿಎಫ್ ಮಾಡಿ ಸಾಗರಕ್ಕೆ ಹೋದಾಗ ತೆಗೆಸ್ತೀನಿ ಬಿಡು" ಅಂದ್ರು. ಆದ್ರೆ ಪ್ರಿಂಟಿಂಗೇ ಹೊಟ್ಟೆಪಾಡು ಆಗಿರೋರಿಗೆ ಇದೊಂದೇ ಕಾರಣ ಸಾಕು ವಿಂಡೋಸಲ್ಲೇ ಉಳಿಯೋಕೆ, ಹಾಗೇ ಟ್ಯಾಲಿ ಮೇಲೆ ಲೆಕ್ಕ ಬರೆಯೋರಿಗೂ ನಾನು ಲಿನಕ್ಸ್ ಹಾಕಿ ಅನ್ನಲ್ಲ, ಅದು ನೇರವಾಗಿ ಓಡಲ್ಲ. ಹೊಸ ಲ್ಯಾಪ್‌ಟಾಪ್ ಇರೋರು ಇನ್ನೊಂದು ನೋಡ್ಬೇಕು, ಇಂಟೆಲ್ ಆರ್‌ಎಸ್‌ಟಿ ಅನ್ನೋ ಡಿಸ್ಕ್ ನೋಡ್ಕೊಳ್ಳೋ ವ್ಯವಸ್ಥೆ ಆನ್ ಇದ್ರೆ ಲೈವಲ್ಲಿ ಎಸ್‌ಎಸ್‌ಡಿನೇ ಕಾಣಿಸದೇ ಇರಬಹುದು, ಬಯೋಸಲ್ಲಿ ಎಎಚ್‌ಸಿಐ ಅನ್ನೋ ಸಾಮಾನ್ಯ ವಿಧಾನಕ್ಕೆ ಬದಲಾಯಿಸ್ಬೇಕಾಗತ್ತೆ, ಅದನ್ನ ಹಂಗೇ ಬದಲಾಯಿಸಿದ್ರೆ ವಿಂಡೋಸ್ ಏಳದೇ ಹೋಗಬಹುದು, ಮೊದಲೇ ಓದ್ಕೊಂಡು ಮಾಡಿ.

ಕೊನೆಗೆ ನೋಡಿದ್ದು ಹಾರ್ಡ್‌ಡಿಸ್ಕ್, ಇದನ್ನ ಮೊದಲೇ ನೋಡ್ಬೇಕಿತ್ತು. ಮಿಂಟಲ್ಲಿ ಡಿಸ್ಕ್ಸ್ ಅನ್ನೋ ಟೂಲ್ ಇದೆ, ಅದರ ಮೆನುವಲ್ಲಿ ಸ್ಮಾರ್ಟ್ ಡೇಟಾ ಅಂತ ಒತ್ತಿದ್ರೆ ಡಿಸ್ಕ್ ತನ್ನ ಬಗ್ಗೆ ತಾನೇ ಬರೆದಿಟ್ಟುಕೊಂಡಿರೋ ಲೆಕ್ಕ ಬರತ್ತೆ. ರೀಅಲೊಕೇಟೆಡ್ ಸೆಕ್ಟರ್ ಅನ್ನೋ ಸಾಲಲ್ಲಿ ಸೊನ್ನೆ ಇರಬೇಕು, ಅಪ್ಪನದರಲ್ಲಿ 184 ಇತ್ತು, ಅಂದ್ರೆ ಅಷ್ಟು ಜಾಗ ಕೆಟ್ಟು ಡಿಸ್ಕ್ ಬೇರೆ ಕಡೆ ಬರ್ಕೊಂಡಿದೆ. ಓದೋಕಾಗದೇ ಬಾಕಿ ಇರೋ ಸೆಕ್ಟರ್ ಸಾಲಲ್ಲಿ 16. ವಿಂಡೋಸ್ ನಿಧಾನ ಆಯ್ತು ಅಂತ ಅಪ್ಪ ಎರಡು ವರ್ಷದಿಂದ ಹೇಳ್ತಾ ಇದ್ರು, ನಾನು ವಿಂಡೋಸೇ ಭಾರ ಆಯ್ತು ಅನ್ಕೊಂಡಿದ್ದೆ. ಡಿಸ್ಕ್ ಸಾಯ್ತಾ ಇತ್ತು. ಒಂಬತ್ತು ವರ್ಷದ ಪ್ರಸಂಗ ಎಲ್ಲಾ ಅದರ ಮೇಲೆ, ಬ್ಯಾಕಪ್ ಅಂತ ಇದ್ದಿದ್ದು 2021ರ ಒಂದು ಪೆನ್‌ಡ್ರೈವ್ ಮಾತ್ರ. ಲಿನಕ್ಸ್ ಓಡತ್ತಾ ಅಂತ ನೋಡೋಕೆ ಬರದೇ ಹೋಗಿದ್ರೆ ಇದು ಗೊತ್ತಾಗ್ತಾನೇ ಇರಲಿಲ್ಲ ಅಂತ ನೆನೆಸಿಕೊಂಡ್ರೆ ಈಗಲೂ ಮೈ ಜುಂ ಅನ್ನತ್ತೆ.

ಅಪ್ಪನಿಗೆ ಅಂಕಿ ತೋರಿಸಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ನಿದ್ದು, "ಮೊದಲು ಆ ಕೆಳದಿ ಕಡೆ ಸಿಕ್ಕ ಪುಸ್ತಕದ್ದು ತೆಗಿ, ಅದರ ಮೂಲ ಈಗಿಲ್ಲ" ಅಂದ್ರು. ಎಕ್ಸ್‌ಟರ್ನಲ್ ಡಿಸ್ಕ್ ಸಿಕ್ಕಿಸಿ, ವಿಂಡೋಸ್ ಪಾರ್ಟಿಷನ್ನನ್ನ ಓದೋಕೆ ಮಾತ್ರ ಅಂತ ತೆಗೆದು, ಲೈವ್ ಮಿಂಟಿಂದಾನೇ ಕಾಪಿ ಶುರು ಮಾಡಿದೆ, ಕೆಳದಿ ಫೋಲ್ಡರ್ ಮೊದಲು. ಪಠ್ಯದ ಫೈಲ್ ಎಲ್ಲಾ ಸೇರಿ 300 ಎಂಬಿ ಕೂಡ ಇರಲಿಲ್ಲ, ಹಸ್ತಪ್ರತಿಯ ಫೋಟೋಗಳೇ 40 ಜಿಬಿ ಚಿಲ್ಲರೆ. ಮೂರು ಫೋಟೋ ಹತ್ತಿರ ಬಂದಾಗ ಡಿಸ್ಕ್ ಟಕ್ ಟಕ್ ಅಂತ ಸದ್ದು ಮಾಡಿ ನಿಂತು ನಿಂತು ಮುಂದೆ ಹೋಯ್ತು, ಅವು ಮೂರು ಬರಲಿಲ್ಲ, ಬಾಕಿ ಎಲ್ಲಾ ಬಂತು. ಆ ಮೂರು ಪುಟಗಳ ಟೈಪ್ ಮಾಡಿದ್ದು ಇದೆ ಅಂತ ಅಪ್ಪ ಅಲ್ಲೇ ಫೈಲ್ ತೆಗೆದು ನೋಡ್ಕೊಂಡ್ರು.

ಸಂಜೆ ಪೆನ್‌ಡ್ರೈವ್ ತೆಗೆದು ವಿಂಡೋಸಿಗೆ ಹೋದ್ರೆ ಗಡಿಯಾರ ಐದೂವರೆ ಗಂಟೆ ಹಿಂದೆ ತೋರಿಸ್ತಿತ್ತು. ಲಿನಕ್ಸ್ ಮದರ್‌ಬೋರ್ಡ್ ಗಡಿಯಾರದಲ್ಲಿ ಯುಟಿಸಿ (ಜಾಗತಿಕ ಸಮಯ, ನಮ್ಮದಕ್ಕಿಂತ ಐದೂವರೆ ಗಂಟೆ ಹಿಂದೆ) ಬರೆದಿಡತ್ತೆ, ವಿಂಡೋಸ್ ಅದನ್ನ ಸ್ಥಳೀಯ ಸಮಯ ಅಂತ ಓದತ್ತೆ, ಅದಕ್ಕೆ. ಸಿಂಕ್ ಒತ್ತಿದ್ರೆ ಸರಿ ಹೋಗತ್ತೆ, ಗಾಬರಿ ಬೇಡ.

240 ಜಿಬಿ ಎಸ್‌ಎಸ್‌ಡಿ ಒಂದು, ಹೊಸ ಬ್ಯಾಟರಿ ಒಂದು ಆರ್ಡರ್ ಮಾಡಿದೀನಿ. ಹಳೇ ಡಿಸ್ಕ್ ಬಿಚ್ಚಿ ಹಾಗೇ ಎತ್ತಿಡ್ತೀನಿ, ಹೊಸದರ ಮೇಲೆ ಮಿಂಟ್. ಅಲ್ಲಿ ತನಕ ವಿಂಡೋಸ್ ಆನ್ ಮಾಡೋದು ಬೇಡ ಅಂತ ಅಪ್ಪನಿಗೆ ಹೇಳಿ ಬಂದಿದೀನಿ. ನಿನ್ನೆ ರಾತ್ರಿ ಫೋನ್ ಮಾಡಿದ್ರು, ಪೆನ್‌ಡ್ರೈವಿಂದಾನೇ ಬೂಟ್ ಮಾಡ್ಕೊಂಡು, ನಾನು ಕಾಗದದಲ್ಲಿ ಬರೆದಿಟ್ಟಿದ್ದ ಹಾಗೆ ಫೋನ್ ಸಿಕ್ಕಿಸಿ ಐಬಸ್ ಹಾಕ್ಕೊಂಡು, ಎರಡು ಪುಟ ಮುಗಿಸಿದಾರಂತೆ.